ಧಾರವಾಡ ಸೀಮೆಯ ‘ಗುನ್ಹೆಗಾರ ಜಾತಿಗಳು’: ಕಾಯಿದೆ, ವಸಾಹತು, ಅವಿಶ್ವಾಸ

೧. ಪೀಠಿಕೆ

ಅಣ್ಣಿಗೇರಿ ಎಂದೊಡನೆ ಅಮೃತೇಶ್ವರ ದೇವಾಲಯವೂ ಆದಿಕವಿ ಪಂಪನ ಹೆಸರೂ ನೆನಪಿಗೆ ಬರುತ್ತವೆ. ನವಲಗುಂದವು ಜಮಖಾನೆಗಳಿಂದಲೂ, ಕಲಘಟಗಿಯು ಬಣ್ಣದ ತೊಟ್ಟಿಲುಗಳಿಂದಲೂ, ಕುಂದಗೋಳವು ಸವಾಯಿ ಗಂಧರ್ವರ ಗಾಯನದಿಂದಲೂ ಪ್ರಸಿದ್ಧವಾಗಿವೆ. ಆದರೆ ಈ ಊರುಗಳನ್ನು ಒಂದಕ್ಕೊಂದು ಜೋಡಿಸುವ ದಾರಿಗಳಲ್ಲಿ ಹೇರೆತ್ತುಗಳನ್ನು ಹೊಡೆದುಕೊಂಡೋ, ಬುಟ್ಟಿಗಳನ್ನು ಹೊತ್ತೋ, ಬಲೆಗಳನ್ನು ಹೆಗಲಿಗೇರಿಸಿಯೋ ತಲೆಮಾರುಗಳಿಂದ ತಿರುಗುತ್ತಿದ್ದ ಜನರ ಹೆಸರು ಯಾವ ಶಿಲಾಶಾಸನದಲ್ಲಿಯೂ ದೊರೆಯುವುದು ಅಪರೂಪ. ಅವರ ಹೆಸರು ದೊರೆಯುವುದು ಬಹುಮಟ್ಟಿಗೆ ಪೋಲೀಸ ದಫ್ತರಗಳಲ್ಲಿ. ಅಲ್ಲಿಯೂ ಅವರು ವ್ಯಕ್ತಿಗಳಾಗಿ ಬರುವುದಕ್ಕಿಂತ ಜಾತಿಗಳಾಗಿಯೇ ಹೆಚ್ಚಾಗಿ ಬರುತ್ತಾರೆ. ಕೊರವರು, ಕೈಕಾಡಿಗಳು, ಘಂಟಿಚೋರರು, ಹರಣಶಿಕಾರಿಗಳು ಮೊದಲಾದವರನ್ನು ಇಂಗ್ಲಿಷ್ ಸರಕಾರವು ‘ಗುನ್ಹೆಗಾರ ಜಾತಿ’ಗಳೆಂದು ಕರೆಯಿತು.

ಬಡತನ, ಗುನ್ಹೆ, ಪೋಲೀಸರ ವಿಷಯದ ಅವಿಶ್ವಾಸ ಇವು ಮೂರೂ ಒಂದೆಡೆ ಕಂಡುಬಂದಾಗ ಅವುಗಳ ಸಂಬಂಧವನ್ನು ಸಾಮಾನ್ಯವಾಗಿ ಒಂದು ಕ್ರಮದಲ್ಲಿ ವಿವರಿಸುವುದುಂಟು: ಬಡತನದಿಂದ ಗುನ್ಹೆ ಹುಟ್ಟುವುದು, ಗುನ್ಹೆಯನ್ನು ಅಡಗಿಸಲು ಪೋಲೀಸರು ಬರುವರು, ತಪ್ಪು ಮಾಡಿದವರು ಪೋಲೀಸರಿಗೆ ಅಂಜುವರು. ಧಾರವಾಡ ಜಿಲ್ಲೆಯ ಚರಿತ್ರೆಯನ್ನು ಪರಿಶೀಲಿಸಿದರೆ ಈ ಕ್ರಮವು ಹಾಗೆಯೇ ನಿಲ್ಲುವುದಿಲ್ಲ. ಇಲ್ಲಿ ಮೊದಲು ಕೆಲವು ಕಾಯಿದೆಗಳೂ ಆರ್ಥಿಕ ಮಾರ್ಪಾಟುಗಳೂ ಒಂದು ವರ್ಗದ ಜನರ ಉಪಜೀವನವನ್ನು ಕಿತ್ತುಕೊಂಡವು. ಅದರಿಂದ ಬಂದ ದಾರಿದ್ರ್ಯಕ್ಕೆ ಮತ್ತೊಂದು ಕಾಯಿದೆಯು ಹುಟ್ಟುಗುನ್ಹೆಯೆಂಬ ಹೆಸರನ್ನಿಟ್ಟಿತು. ಆ ಹೆಸರನ್ನು ದಿನದಿನವೂ ಜಾರಿಯಲ್ಲಿಡುವ ಅಧಿಕಾರವು ಠಾಣೆಯ ಸಿಪಾಯಿಗೆ ದೊರೆಯಿತು. ಈ ಸಂಗತಿಗಳ ಪೂರ್ವಾಪರವನ್ನು ಕ್ರಮವಾಗಿ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨. ನೆಲ, ಎಲ್ಲೆ, ಕಾವಲು

ಪೇಶವೆಯ ಆಳಿಕೆ ಮುಗಿದ ಮೇಲೆ, ೧೮೧೮ರ ಸುಮಾರಿಗೆ, ಧಾರವಾಡ ಪ್ರಾಂತವು ಇಂಗ್ಲಿಷರ ಕೈಸೇರಿತು. ಜಿಲ್ಲೆಯ ನೆಲವು ಎರಡು ಬಗೆಯದು. ಪಡುವಲಲ್ಲಿ ಕಲಘಟಗಿಯ ಸುತ್ತಲಿನದು ಕಾಡು, ಕೆರೆ, ಗದ್ದೆಗಳ ಮಲೆನಾಡಿನ ಸೆರಗು. ಮೂಡಲಲ್ಲಿ ನವಲಗುಂದ, ಅಣ್ಣಿಗೇರಿಗಳ ಕಡೆಗೆ ಮರವಿಲ್ಲದೆ ಹಬ್ಬಿದ ಎರೆಯ ಬಯಲು. ಅಲ್ಲಿ ಹತ್ತಿ, ಜೋಳಗಳೇ ಮುಖ್ಯ ಬೆಳೆ. ಮಳೆ ತಪ್ಪಿದರೆ ಕುಡಿಯುವ ನೀರಿಗೂ ತೊಂದರೆ. ಅಲೆಮಾರಿಗಳಿಗೆ ಈ ಎರಡು ನೆಲಗಳೂ ಬೇಕಾಗಿದ್ದವು. ಮಲೆಯ ಅಂಚಿನಲ್ಲಿ ಬಿದಿರು, ಬೇಟೆ, ಮೇವು. ಬಯಲಿನಲ್ಲಿ ಸುಗ್ಗಿಯ ಕಾಲಕ್ಕೆ ಕಾಳು, ಕೂಲಿ, ಜಾತ್ರೆಗಳ ವ್ಯಾಪಾರ.

ಈ ನೆಲದ ರಾಜಕೀಯ ಎಲ್ಲೆಗಳು ತೀರ ತೊಡಕಿನವಾಗಿದ್ದವು. ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು, ಲಕ್ಷ್ಮೇಶ್ವರವು ಮಿರಜಿಗೂ, ಶಿರಹಟ್ಟಿಯು ಸಾಂಗಲಿಗೂ ಸೇರಿದ್ದವು, ಸವಣೂರಿನಲ್ಲಿ ನವಾಬರಿದ್ದರು. ಹುಬ್ಬಳ್ಳಿಯಿಂದ ಆಗ್ನೇಯಕ್ಕೆ ಅರ್ಧ ದಿನ ನಡೆದವನು ಇಂಗ್ಲಿಷ್ ಸೀಮೆಯನ್ನು ದಾಟಿ ಸಂಸ್ಥಾನದ ಸೀಮೆಯಲ್ಲಿರುತ್ತಿದ್ದನು. ಆಡಳಿತದವರಿಗೆ ಈ ಎಲ್ಲೆಗಳು ತಪ್ಪಿಸಿಕೊಳ್ಳುವವರ ಕಂಡಿಗಳಾಗಿ ಕಂಡವು. ಆದರೆ ಒಂದು ಜಾತ್ರೆಯಿಂದ ಮತ್ತೊಂದು ಜಾತ್ರೆಗೆ ಹೋಗುವ ವ್ಯಾಪಾರಿಗೆ ಅವು ಎಲ್ಲೆಗಳೇ ಆಗಿರಲಿಲ್ಲ. ೧೯೪೮ರಲ್ಲಿ ದಕ್ಷಿಣದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಈ ತೊಡಕು ಉಳಿದಿತ್ತು.

ಹಳೆಯ ಕಾಲದಲ್ಲಿ ಊರಿನ ಕಾವಲು ಊರಿನದೇ ಆಗಿತ್ತು. ಗೌಡನ ಕೈಕೆಳಗೆ ತಳವಾರ, ವಾಲೀಕಾರ, ಶೇತಸನದಿಗಳು ಇನಾಮು ಭೂಮಿಯನ್ನು ಉಂಡುಕೊಂಡು ಕಾಯುತ್ತಿದ್ದರು. ಕಳವಾದಾಗ ಹೆಜ್ಜೆಯ ಜಾಡು ಹಿಡಿದು ಹೋಗುವುದು, ಜಾಡು ಯಾವ ಊರಿನ ಮೇರೆಯಲ್ಲಿ ನಿಲ್ಲುವುದೋ ಆ ಊರಿನವರು ಅದಕ್ಕೆ ಹೊಣೆಯಾಗುವುದು, ಹೀಗೆ ಒಂದು ಪದ್ಧತಿಯಿತ್ತು. ಕಾವಲಿನವರನ್ನು ಅನೇಕ ವೇಳೆ ಬೇಡರೇ ಮೊದಲಾದ, ಆಯುಧ ಬಲ್ಲ ಜಾತಿಗಳಿಂದಲೇ ಆರಿಸುತ್ತಿದ್ದರು. ಮಹಾರಾಷ್ಟ್ರದಲ್ಲಿ ರಾಮೋಶಿಗಳು ಇದೇ ಕೆಲಸವನ್ನು ಮಾಡುತ್ತಿದ್ದರು. ಕೊಳ್ಳೆ ಹೊಡೆಯಬಲ್ಲವನಿಗೇ ಕಾಯುವ ಕೆಲಸವನ್ನೂ ಅದರ ಸಂಭಾವನೆಯನ್ನೂ ಕೊಟ್ಟು ಅವನನ್ನು ಊರಿನ ಮರ್ಯಾದೆಯೊಳಗೆ ತಂದುಕೊಳ್ಳುವುದು ಈ ಏರ್ಪಾಟಿನ ಮರ್ಮವಾಗಿತ್ತು. ಇದರಲ್ಲಿ ಅನ್ಯಾಯಕ್ಕೆ ಎಡೆಯಿರಲಿಲ್ಲವೆಂದಲ್ಲ. ಆದರೆ ಕಾಯುವವನೂ ಕಾಯಿಸಿಕೊಳ್ಳುವವನೂ ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು.

ಇಂಗ್ಲಿಷ್ ಆಳಿಕೆಯಲ್ಲಿ ಈ ಏರ್ಪಾಟು ಸಡಿಲವಾಯಿತು. ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂದು ಬಂದ ಆಜ್ಞೆಯನ್ನು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಎದುರಿಸಿದರು. ಆ ವರ್ಷದ ನವೆಂಬರದಲ್ಲಿ ದಂಡು ಬಂದು ಊರನ್ನು ಸುಟ್ಟಿತು. ಮರುವರ್ಷ ನರಗುಂದದ ಬಾಬಾಸಾಹೇಬನ ಬಂಡಾಯವೂ ಮುರಿಯಿತು. ೧೮೬೭ರಲ್ಲಿ ಮುಂಬಯಿ ಸರಕಾರವು ಜಿಲ್ಲಾ ಪೋಲೀಸರಿಗಾಗಿ ಒಂದು, ಗ್ರಾಮ ಪೋಲೀಸರಿಗಾಗಿ ಮತ್ತೊಂದು, ಹೀಗೆ ಎರಡು ಕಾಯಿದೆಗಳನ್ನು ಮಾಡಿತು. ಗೌಡನು ಉಳಿದನು, ಆದರೆ ಅಧಿಕಾರದ ಕೇಂದ್ರವು ಚಾವಡಿಯಿಂದ ಠಾಣೆಗೆ, ಗೌಡನಿಂದ ಫೌಜದಾರನಿಗೆ ಸರಿಯಿತು. ಫೌಜದಾರನು ಪರಊರಿನವನು, ಆಗಾಗ್ಗೆ ಬದಲಾಗುವವನು. ಊರಿನ ಪರಿಚಯವಿಲ್ಲದವನಿಗೆ ಜಾತಿಯ ಹೆಸರೇ ಪರಿಚಯದ ಬದಲಾಗಿ ಒದಗಿತು.

೩. ಬದುಕಿನ ದಾರಿಗಳು ಮುಚ್ಚಿಹೋದುದು

ಹೀಗೆ ಹೆಸರಿಸಲ್ಪಟ್ಟ ಜನರು ಮೊದಲು ಏನು ಮಾಡುತ್ತಿದ್ದರೆಂಬುದನ್ನು ನೋಡಬೇಕು. ಲಂಬಾಣಿಗರು ಹೇರೆತ್ತುಗಳ ಮೇಲೆ ಕಾಳನ್ನೂ ಉಪ್ಪನ್ನೂ ಸಾಗಿಸುತ್ತಿದ್ದರು. ಕೊರವರು ಕರಾವಳಿಯ ಉಪ್ಪನ್ನು ಘಟ್ಟದ ಮೇಲಿನ ಊರುಗಳಿಗೆ ತಂದು ಕಾಳಿಗೆ ಮಾರುತ್ತಿದ್ದರು. ಬುಟ್ಟಿ, ಮೊರಗಳನ್ನು ಹೆಣೆಯುತ್ತಿದ್ದರು. ಅವರ ಹೆಂಗಸರು ಹಚ್ಚೆ ಹೊಯ್ಯುತ್ತಿದ್ದರು, ಕಣಿ ಹೇಳುತ್ತಿದ್ದರು. ಹರಣಶಿಕಾರಿಗಳು ಹೆಸರೇ ಹೇಳುವಂತೆ ಬೇಟೆಗಾರರು. ಹೊಲಗಳಿಗೆ ಬೀಳುವ ಜಿಂಕೆ, ಹಂದಿಗಳನ್ನು ಅವರು ಹಿಡಿಯುವುದರಿಂದ ಒಕ್ಕಲಿಗನಿಗೂ ಉಪಕಾರವಿತ್ತು. ಘಂಟಿಚೋರರೆಂದು ದಾಖಲೆಗಳಲ್ಲಿ ಬರೆಯಲ್ಪಟ್ಟವರು ಭಾಮಟಾ, ಉಚಲ್ಯಾ, ಟಕಾರಿ ಎಂಬ ಹೆಸರುಗಳುಳ್ಳ ಜನರ ಬಳಗದವರು. ಸವೆದ ಬೀಸುವ ಕಲ್ಲುಗಳನ್ನು ಉಳಿಯಿಂದ ಮತ್ತೆ ಹೊಡೆದುಕೊಡುವುದು ಈ ಬಳಗದ ಕಸಬುಗಳಲ್ಲೊಂದು. ಒಂದು ಜಾತಿಗೆ ‘ಚೋರ’ ಎಂಬ ಶಬ್ದವನ್ನೇ ಹೆಸರಾಗಿ ಕೊಟ್ಟ ಮೇಲೆ ಅವರ ಕಸಬನ್ನು ಕೇಳುವವರು ಯಾರು?

ಈ ಕಸಬುಗಳೆಲ್ಲವೂ ತಿರುಗಾಟವನ್ನು ಅವಲಂಬಿಸಿದ್ದವು. ಹತ್ತೊಂಬತ್ತನೆಯ ಶತಮಾನದ ಎರಡನೆಯ ಭಾಗದಲ್ಲಿ ಅವು ಒಂದೊಂದಾಗಿ ಕುಗ್ಗಿದವು. ಮೊದಲು ಗಾಡಿಯ ರಸ್ತೆಗಳು ಬಂದವು. ೧೮೮೨ರಲ್ಲಿ ಸದರ್ನ ಮರಾಠಾ ರೇಲ್ವೆ ಕಂಪನಿಯು ಸ್ಥಾಪಿತವಾಗಿ, ಆ ದಶಕದಲ್ಲಿಯೇ ಗದಗ, ಅಣ್ಣಿಗೇರಿ, ಹುಬ್ಬಳ್ಳಿಗಳ ಮೇಲೆ ಉಗಿಬಂಡಿ ಓಡತೊಡಗಿತು. ಹುಬ್ಬಳ್ಳಿಯಲ್ಲಿ ರೇಲ್ವೆಯ ಕಾರಖಾನೆಯೂ ನಿಂತಿತು. ಹತ್ತಿಯ ವ್ಯಾಪಾರಕ್ಕೆ ಇದರಿಂದ ಹೊಸ ಕಳೆ ಬಂದಿತು. ಆದರೆ ನೂರು ಎತ್ತುಗಳು ವಾರಗಟ್ಟಲೆ ನಡೆದು ತರುವ ಉಪ್ಪು ಬಂಡಿಯಲ್ಲಿ ಒಂದು ದಿನಕ್ಕೆ ಬಂದಿಳಿಯುವಾಗ ಹೇರೆತ್ತಿನವನ ಬಳಿಗೆ ಯಾರೂ ಹೋಗಲಿಲ್ಲ.

ಎರಡನೆಯದು ಕಾಯಿದೆಗಳ ಪೆಟ್ಟು. ೧೮೭೮ನೆಯ ಒಂದೇ ವರ್ಷದಲ್ಲಿ ಮೂರು ಕಾಯಿದೆಗಳು ಬಂದುದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಅರಣ್ಯದ ಕಾಯಿದೆಯಿಂದ ಬಿದಿರು, ಸೊಪ್ಪು, ಮೇವುಗಳಿಗೆ ಪರವಾನಗಿ ಬೇಕಾಯಿತು. ಕಲಘಟಗಿಯ ಕಾಡಿನಂಚಿನಲ್ಲಿ ಅದುವರೆಗೆ ಬಳಕೆಯಾಗಿದ್ದುದು ಮುಂದೆ ಕಳವಾಯಿತು. ಆಯುಧಗಳ ಕಾಯಿದೆಯಿಂದ ಬೇಟೆಗಾರನ ಬಂದೂಕು ಅಪರಾಧದ ವಸ್ತುವಾಯಿತು. ಮುಂಬಯಿ ಅಬಕಾರಿ ಕಾಯಿದೆಯಿಂದ ಮನೆಯಲ್ಲಿ ಭಟ್ಟಿ ಇಳಿಸುವುದೂ ಈಚಲ ಹೆಂಡವನ್ನು ತೆಗೆಯುವುದೂ ಗುತ್ತೇದಾರನ ಹಕ್ಕಾದವು. ಮೂರರ ಉದ್ದೇಶವೂ ಬೇರೆ ಬೇರೆ. ಆದರೆ ಕಾಡಿನಂಚಿನಲ್ಲಿ ಬೇಟೆಯಿಂದಲೂ ಬಿದಿರಿನಿಂದಲೂ ಬದುಕುತ್ತಿದ್ದ ಒಂದು ಕುಟುಂಬದ ಮೇಲೆ ಮೂರೂ ಒಟ್ಟಿಗೆ ಬಿದ್ದವು. ನಿನ್ನೆಯ ದಿನಚರಿಯೇ ಇಂದಿನ ಗುನ್ಹೆಯಾದಾಗ ಗುನ್ಹೆಗಳ ಸಂಖ್ಯೆಯು ಏರುವುದರಲ್ಲಿ ಆಶ್ಚರ್ಯವಿಲ್ಲ.

ಮೂರನೆಯದು ಬರ. ೧೮೭೬ರಿಂದ ೧೮೭೮ರವರೆಗಿನ ಮಹಾ ಬರಗಾಲದಲ್ಲಿ ಎರೆಯ ನಾಡು ಸುಟ್ಟುಹೋಯಿತು. ೧೮೭೨ರ ಖಾನೇಸುಮಾರಿಯಲ್ಲಿ ಸುಮಾರು ೯ ಲಕ್ಷ ೯೦ ಸಾವಿರವಿದ್ದ ಜಿಲ್ಲೆಯ ಜನಸಂಖ್ಯೆಯು ೧೮೮೧ರಲ್ಲಿ ಸುಮಾರು ೮ ಲಕ್ಷ ೮೩ ಸಾವಿರಕ್ಕೆ ಇಳಿಯಿತು. ಒಂಬತ್ತು ವರ್ಷಗಳಲ್ಲಿ ಸಹಜವಾಗಿ ಹೆಚ್ಚಬೇಕಾಗಿದ್ದ ಸಂಖ್ಯೆಯು ಹತ್ತರಲ್ಲೊಂದು ಪಾಲಿಗಿಂತ ಹೆಚ್ಚಾಗಿ ಕುಗ್ಗಿತು. ಹೊಲವುಳ್ಳವನು ಹೊಲವನ್ನು ಒತ್ತೆಯಿಟ್ಟನು. ಹೊಲವಿಲ್ಲದವನಿಗೆ ಒತ್ತೆಯಿಡಲು ಏನೂ ಇರಲಿಲ್ಲ. ಲಂಬಾಣಿಗನ ಎತ್ತುಗಳು ಮೇವಿಲ್ಲದೆ ಸತ್ತ ಮೇಲೆ, ಮಳೆ ಬಂದರೂ ಅವನ ಕಸಬು ತಿರುಗಿ ಬರಲಿಲ್ಲ. ೧೮೯೬-೯೭ರಲ್ಲಿಯೂ ೧೮೯೯-೧೯೦೦ರಲ್ಲಿಯೂ ಬರವು ಮರುಕಳಿಸಿತು. ಕಣದ ಕಾಳಿನ ಕಳವು, ಹಗೇವಿನ ಕಳವು, ದನಗಳ್ಳತನ ಇವು ಬರದ ವರ್ಷದ ಗುನ್ಹೆಗಳು. ಹಸಿವಿನ ಗುನ್ಹೆಯನ್ನು ಮಾಡಿದವರಲ್ಲಿ ಎಲ್ಲ ಜಾತಿಯ ಬಡವರೂ ಇದ್ದರು. ಆದರೆ ಒಕ್ಕಲಿಗನ ಕಳವನ್ನು ಬರದ ಲೆಕ್ಕಕ್ಕೆ ಬರೆದರೆ, ಅಲೆಮಾರಿಯ ಕಳವನ್ನು ಅವನ ರಕ್ತದ ಲೆಕ್ಕಕ್ಕೆ ಬರೆಯಲಾಯಿತು.

೪. ಕಾಯಿದೆಯ ಬೆಳವಣಿಗೆ

ಗುನ್ಹೆಯು ವಂಶಪರಂಪರೆಯಾಗಿ ಬರುವುದೆಂಬ ಭಾವನೆಯು ಧಾರವಾಡದಲ್ಲಿ ಹುಟ್ಟಿದುದಲ್ಲ. ೧೮೩೦ರ ದಶಕದಲ್ಲಿ ಸ್ಲೀಮನ್ ಎಂಬ ಅಧಿಕಾರಿಯು ಠಕ್ಕರನ್ನು ಅಡಗಿಸಲು ನಡೆಸಿದ ಕಾರ್ಯದಿಂದ ಆ ಭಾವನೆಗೆ ಬಲ ಬಂದಿತು. ಯುರೋಪದಲ್ಲಿಯೂ ಜಿಪ್ಸಿಗಳೆಂಬ ಅಲೆಮಾರಿಗಳ ಮೇಲೆ ಇಂತಹ ಸಂಶಯವು ಬಹುಕಾಲದಿಂದ ಇದ್ದಿತು. ೧೮೭೧ರಲ್ಲಿ ಹಿಂದುಸ್ಥಾನ ಸರಕಾರವು ಗುನ್ಹೆಗಾರ ಜಾತಿಗಳ ಕಾಯಿದೆಯನ್ನು ಮಾಡಿದಾಗ ಅದನ್ನು ಸಮರ್ಥಿಸಿದವರು, ನೇಕಾರನ ಮಗನು ನೇಕಾರನಾಗುವಂತೆ ಈ ದೇಶದಲ್ಲಿ ಕಳ್ಳನ ಮಗನು ಕಳ್ಳನೇ ಆಗುವನೆಂದು ವಾದಿಸಿದರು. ಜಾತಿಪದ್ಧತಿಯ ಒಂದು ಅರೆತಿಳುವಳಿಕೆಯು ಹೀಗೆ ನ್ಯಾಯಶಾಸ್ತ್ರದ ತತ್ತ್ವವಾಯಿತು.

ಈ ಮೊದಲ ಕಾಯಿದೆಯು ಉತ್ತರದ ಪ್ರಾಂತಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಮುಂಬಯಿ ಇಲಾಖೆಯಲ್ಲಿ ಪೋಲೀಸರು ಫೌಜದಾರಿ ಪ್ರಕ್ರಿಯೆಯ ಸಂಹಿತೆಯ ೧೦೯ ಮತ್ತು ೧೧೦ನೆಯ ಕಲಮುಗಳನ್ನು ಬಳಸುತ್ತಿದ್ದರು. ತನ್ನ ಉಪಜೀವನದ ಬಗೆಯನ್ನು ಸಮಾಧಾನಕರವಾಗಿ ಹೇಳಲಾರದವನಿಂದ, ಅಥವಾ ರೂಢಿಯ ಗುನ್ಹೆಗಾರನೆನಿಸಿದವನಿಂದ, ಸನ್ನಡತೆಗಾಗಿ ಜಾಮೀನು ಕೇಳುವುದಕ್ಕೆ ಇವು ಅವಕಾಶ ಕೊಡುತ್ತಿದ್ದವು. ಜಾಮೀನು ಕೊಡುವ ನೆಂಟರಿದ್ದವನು ಮನೆಗೆ ಹೋಗುತ್ತಿದ್ದನು. ಇಲ್ಲದವನು ಸೆರೆಗೆ ಹೋಗುತ್ತಿದ್ದನು. ಅಲೆಮಾರಿಗೆ ಆಸ್ತಿಯುಳ್ಳ ಜಾಮೀನುದಾರನು ಎಲ್ಲಿಂದ ದೊರೆಯಬೇಕು? ಆದುದರಿಂದ ಹೆಸರಿಗೆ ಎಲ್ಲರಿಗೂ ಸಮವಾಗಿದ್ದ ಈ ಕಲಮುಗಳು ಆಚರಣೆಯಲ್ಲಿ ಬಡತನವನ್ನೇ ಶಿಕ್ಷಿಸುವ ಸಾಧನಗಳಾದವು.

೧೯೦೮ರಲ್ಲಿ ಮುಂಬಯಿಯ ಪೋಲೀಸ ಅಧಿಕಾರಿಯಾದ ಮೈಕೇಲ್ ಕೆನೆಡಿಯು ಇಲಾಖೆಯ ‘ಗುನ್ಹೆಗಾರ ವರ್ಗ’ಗಳ ವಿಷಯವಾಗಿ ಒಂದು ಕೈಪಿಡಿಯನ್ನು ಪ್ರಕಟಿಸಿದನು. ಪ್ರತಿಯೊಂದು ಜಾತಿಯ ವೇಷ, ಭಾಷೆ, ಗುಪ್ತ ಸಂಕೇತ, ಕಳವು ಮಾಡುವ ರೀತಿ ಇವುಗಳನ್ನು ವರ್ಣಿಸುವ ಆ ಪುಸ್ತಕವು ಜನಾಂಗ ವರ್ಣನೆಯಂತೆಯೂ ಬೇಟೆಯ ಮಾರ್ಗದರ್ಶಿಯಂತೆಯೂ ಇದೆ. ಮೂರು ವರ್ಷಗಳ ತರುವಾಯ, ೧೯೧೧ರ ಮೂರನೆಯ ಕಾಯಿದೆಯು ಇಡೀ ಬ್ರಿಟಿಶ್ ಹಿಂದುಸ್ಥಾನಕ್ಕೆ ಅನ್ವಯವಾಯಿತು. ೧೯೨೪ರಲ್ಲಿ ಅದನ್ನು ಕ್ರೋಡೀಕರಿಸಿ ಹೊಸ ರೂಪ ಕೊಟ್ಟರು. ಮೈಸೂರು ಸಂಸ್ಥಾನವೂ ೧೯೧೬ರಲ್ಲಿ ಇಂತಹದೇ ಒಂದು ರೆಗ್ಯುಲೇಶನ್ನನ್ನು ಮಾಡಿತು.

ಈ ಕಾಯಿದೆಯ ಮುಖ್ಯ ಅಂಗಗಳು ಹೀಗಿದ್ದವು. ಪ್ರಾಂತ ಸರಕಾರವು ಒಂದು ಜಾತಿಯನ್ನಾಗಲಿ ಗುಂಪನ್ನಾಗಲಿ ಗುನ್ಹೆಗಾರ ಜಾತಿಯೆಂದು ಸಾರಬಹುದು. ಆ ಸಾರಿಕೆಯು ಸರಿಯೇ ತಪ್ಪೇ ಎಂಬುದನ್ನು ಯಾವ ನ್ಯಾಯಾಲಯವೂ ವಿಚಾರಿಸಲಾಗದು. ಅದರ ಜನರು ತಮ್ಮ ಹೆಸರುಗಳನ್ನು ನೋಂದಿಸಿ ಬೆರಳಿನ ಗುರುತು ಕೊಡಬೇಕು. ಗೊತ್ತಾದ ವೇಳೆಗೆ ಹಾಜರಿ ಕೊಡಬೇಕು, ಇಲ್ಲವೆ ವಾಸಸ್ಥಳವನ್ನು ಬಿಡುವಾಗ ತಿಳಿಸಬೇಕು. ಬೇಕಾದರೆ ಅವರನ್ನು ಒಂದು ಸೀಮೆಯೊಳಗೆ ನಿರ್ಬಂಧಿಸಬಹುದು, ಇಲ್ಲವೆ ವಸಾಹತಿನಲ್ಲಿ ಇಡಬಹುದು. ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಿ ಶಾಲೆಗಳಲ್ಲಿಡಬಹುದು. ಕೆಲವು ಗೊತ್ತಾದ ಅಪರಾಧಗಳಲ್ಲಿ ಎರಡನೆಯ ಸಲ ಶಿಕ್ಷೆಯಾದರೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆ, ಮೂರನೆಯ ಸಲಕ್ಕೆ ಜೀವಾವಧಿ ಗಡಿಪಾರು. ಬೇರೆ ಜಾತಿಯವನೊಬ್ಬನು ಅದೇ ಅಪರಾಧವನ್ನು ಮಾಡಿದರೆ ಅವನಿಗೆ ಈ ಕಟ್ಟುಪಾಡಿರಲಿಲ್ಲ.

೫. ಹುಬ್ಬಳ್ಳಿ, ಗದಗಗಳ ವಸಾಹತುಗಳು

ಮುಂಬಯಿ ಇಲಾಖೆಯಲ್ಲಿ ವಸಾಹತಿನ ಪ್ರಯೋಗವು ಮೊದಲು ಕನ್ನಡ ನಾಡಿನಲ್ಲಿಯೇ ನಡೆಯಿತು. ವಿಜಾಪುರದಲ್ಲಿ ಆರಂಭವಾದ ಈ ಕೆಲಸವನ್ನು ಬೆಳೆಸಿದವನು ಓ. ಎಚ್. ಬಿ. ಸ್ಟಾರ್ಟೆ ಎಂಬ ಐ. ಸಿ. ಎಸ್. ಅಧಿಕಾರಿ. ಮುಂದೆ ಹುಬ್ಬಳ್ಳಿ, ಗದಗ, ಗೋಕಾಕ ಫಾಲ್ಸ್, ದಾಂಡೇಲಿ, ಸೊಲ್ಲಾಪುರ, ಬಾರಾಮತಿ, ಅಂಬರನಾಥ ಮೊದಲಾದೆಡೆಗಳಲ್ಲಿ ವಸಾಹತುಗಳು ನಿಂತವು. ಕೆಲವನ್ನು ಸರಕಾರವೇ ನಡೆಸಿತು; ಕೆಲವನ್ನು ಕ್ರೈಸ್ತ ಮಿಶನ್ನುಗಳಿಗೆ ಒಪ್ಪಿಸಿತು. ಮದರಾಸು ಇಲಾಖೆಯಲ್ಲಿ ಇದೇ ಕೆಲಸವು ಸಾಲ್ವೇಶನ್ ಆರ್ಮಿಯೆಂಬ ಸಂಸ್ಥೆಗೆ ದೊರೆತಿತ್ತು.

ವಸಾಹತುಗಳ ಸ್ಥಳಗಳನ್ನು ನೋಡಿದರೆ ಅವುಗಳ ಅರ್ಥಶಾಸ್ತ್ರವು ಸ್ಪಷ್ಟವಾಗುತ್ತದೆ. ಹುಬ್ಬಳ್ಳಿಯಲ್ಲಿ ರೇಲ್ವೆಯ ಕಾರಖಾನೆ ಮತ್ತು ಹತ್ತಿಯ ಗಿರಣಿ. ಗದಗದಲ್ಲಿ ಹತ್ತಿಯ ಪೇಟೆ. ಗೋಕಾಕ ಫಾಲ್ಸಿನಲ್ಲಿಯೂ ಸೊಲ್ಲಾಪುರದಲ್ಲಿಯೂ ನೂಲಿನ ಗಿರಣಿಗಳು. ದಾಂಡೇಲಿಯಲ್ಲಿ ಕಟ್ಟಿಗೆಯ ಕಡಿತ. ಜನರಿಗೆ ಕೆಲಸ ಬೇಕು, ಕಾರಖಾನೆಗಳಿಗೆ ಜನ ಬೇಕು, ಆದುದರಿಂದ ಇಬ್ಬರಿಗೂ ಹಿತವೆಂಬುದು ಅಧಿಕಾರಿಗಳ ವಿವರಣೆ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ, ಕೂಲಿಯು ಕೆಲಸಗಾರನ ಕೈಗೇ ಬರುತ್ತಿತ್ತು. ಆದರೆ ಮೆಚ್ಚದಿದ್ದರೆ ಕೆಲಸವನ್ನು ಬಿಟ್ಟುಹೋಗುವ ಸ್ವಾತಂತ್ರ್ಯವೇ ಕೂಲಿಯವನ ಏಕೈಕ ಬಲ. ವಸಾಹತಿನವನು ಬಿಟ್ಟುಹೋದರೆ ಅದು ಕೆಲಸದ ತಪ್ಪಾಗದೆ ಕಾಯಿದೆಯ ಅಪರಾಧವಾಗುತ್ತಿತ್ತು. ಇಂತಹ ಕೆಲಸಗಾರನು ಯಜಮಾನನಿಗೆ ಎಷ್ಟು ಅನುಕೂಲನೆಂಬುದನ್ನು ವಿವರಿಸಬೇಕಾದುದಿಲ್ಲ.

ವಸಾಹತಿನ ಒಳಗಿನ ಬಾಳಿಗೆ ಹಾಜರಿಯೇ ಗಡಿಯಾರವಾಗಿತ್ತು. ಹೊರಗೆ ಹೋಗಲು ಪಾಸು ಬೇಕು. ಮದುವೆ, ಮರಣ, ಜಾತ್ರೆಗಳಿಗೂ ಪಾಸು ಬೇಕು. ಮಕ್ಕಳು ಕಡ್ಡಾಯವಾಗಿ ಶಾಲೆಗೆ ಹೋಗಬೇಕು. ಒಳ್ಳೆಯ ನಡತೆಯ ಕುಟುಂಬಗಳಿಗೆ ಕ್ರಮೇಣ ನಿರ್ಬಂಧಗಳನ್ನು ಸಡಿಲಿಸಿ, ಕೊನೆಗೆ ಬೇಲಿಯ ಹೊರಗೆ ಮನೆ ಕಟ್ಟಿಕೊಳ್ಳಲು ಬಿಡುತ್ತಿದ್ದರು.

ಇದರ ಗುಣವನ್ನು ಹೇಳದಿರುವುದು ನ್ಯಾಯವಾಗದು. ಹಳ್ಳಿಯ ಶಾಲೆಯ ಮೆಟ್ಟಲನ್ನು ಹತ್ತಲಾಗದಿದ್ದ ಮಕ್ಕಳು ಮೊದಲು ಅಕ್ಷರ ಕಲಿತುದು ವಸಾಹತುಗಳಲ್ಲಿ. ಅನೇಕರಿಗೆ ಬಡಗಿತನ, ಕಮ್ಮಾರಿಕೆ, ಯಂತ್ರದ ಕೆಲಸಗಳು ಬಂದವು. ಸ್ಟಾರ್ಟೆಯೂ ಈ ಜನರು ಸ್ವಭಾವತಃ ಕೆಟ್ಟವರೆಂದು ನಂಬದೆ, ಪರಿಸ್ಥಿತಿಯನ್ನು ಬದಲಿಸಿದರೆ ಜೀವನವೂ ಬದಲಾಗುವುದೆಂದು ನಂಬಿ ದುಡಿದವನು. ೧೯೨೮ರಲ್ಲಿ ಮುಂಬಯಿ ಸರಕಾರವು ದಲಿತ ವರ್ಗಗಳ ಮತ್ತು ಗಿರಿಜನರ ಸ್ಥಿತಿಯನ್ನು ವಿಚಾರಿಸಲು ನೇಮಿಸಿದ ಸಮಿತಿಗೆ ಅವನೇ ಅಧ್ಯಕ್ಷನಾಗಿದ್ದನು, ಡಾ. ಭೀಮರಾವ ಅಂಬೇಡಕರರು ಅದರ ಸದಸ್ಯರಾಗಿದ್ದರು. ೧೯೩೦ರಲ್ಲಿ ಹೊರಟ ಆ ಸಮಿತಿಯ ವರದಿಯಿಂದ ಹಿಂದುಳಿದ ವರ್ಗಗಳಿಗಾಗಿ ಒಂದು ಪ್ರತ್ಯೇಕ ಖಾತೆಯು ಹುಟ್ಟಿತು. ಆದರೆ ಸುಧಾರಣೆಯ ಈ ಒಳ್ಳೆಯ ಉದ್ದೇಶವೂ ಕಾಯಿದೆಯ ಬೇಲಿಯೊಳಗೇ ನಡೆಯಬೇಕಾಗಿತ್ತು. ಶಾಲೆಯ ಮಗುವಿಗೆ ಪಾಠದ ಜೊತೆಗೆ ತಾನು ಗುನ್ಹೆಗಾರ ಜಾತಿಯವನೆಂಬ ತಿಳುವಳಿಕೆಯೂ ಬರುತ್ತಿತ್ತು.

೬. ಹಾಜರಿಯೂ ಠಾಣೆಯೂ

ವಸಾಹತಿನಲ್ಲಿ ಇದ್ದವರು ಒಂದು ಭಾಗ ಮಾತ್ರ. ಉಳಿದ ನೋಂದಾಯಿತರು ಹಳ್ಳಿಗಳಲ್ಲಿಯೇ ಗೌಡನ ಮತ್ತು ಠಾಣೆಯ ಕಣ್ಣಿನ ಕೆಳಗೆ ಇರುತ್ತಿದ್ದರು. ಪೋಲೀಸರ ವಿಷಯದ ಅವಿಶ್ವಾಸವು ಹೇಗೆ ಬೆಳೆಯಿತೆಂಬುದು ಈ ಏರ್ಪಾಟಿನ ಕ್ರಮದಿಂದಲೇ ತಿಳಿಯುತ್ತದೆ.

ಮೊದಲನೆಯದಾಗಿ, ಕಾಯಿದೆಯು ತಾನೇ ಹೊಸ ಗುನ್ಹೆಗಳನ್ನು ಸೃಷ್ಟಿಸಿತು. ಹಾಜರಿಗೆ ತಪ್ಪುವುದು, ಪಾಸಿಲ್ಲದೆ ಸಂತೆಗೆ ಹೋಗುವುದು, ಪಕ್ಕದ ಊರಿನಲ್ಲಿ ಸುಗ್ಗಿಯ ಕೂಲಿಗಾಗಿ ಎರಡು ದಿನ ಹೆಚ್ಚಾಗಿ ನಿಲ್ಲುವುದು, ಇವೆಲ್ಲ ಶಿಕ್ಷಾರ್ಹವಾದವು. ಅಣ್ಣಿಗೇರಿಯ ಬಯಲಿನಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ ಬಡವನು ಕೂಲಿಯಿದ್ದ ಕಡೆಗೆ ಹೋಗಲೇಬೇಕು. ನೋಂದಾಯಿತನಾದ ಬಡವನು ಹೋದರೆ ಶಿಕ್ಷೆ, ಹೋಗದಿದ್ದರೆ ಉಪವಾಸ. ಹೀಗೆ ಆದ ಶಿಕ್ಷೆಗಳೂ ಅವನ ದಾಖಲೆಯಲ್ಲಿ ಕೂಡಿಕೊಂಡು, ಈ ಜಾತಿಯವರು ಪುನಃ ಪುನಃ ಶಿಕ್ಷೆ ಹೊಂದುವವರೆಂಬ ಮಾತಿಗೆ ಪುರಾವೆಯಾದವು.

ಎರಡನೆಯದಾಗಿ, ಪಾಸು ಕೊಡುವುದೂ ಬಿಡುವುದೂ ಗೌಡನ ಮತ್ತು ಸಿಪಾಯಿಯ ಇಚ್ಛೆಗೆ ಬಿಟ್ಟಿದ್ದಿತು. ಅತ್ಯಲ್ಪ ಸಂಬಳದ ಸಿಪಾಯಿಯ ಕೈಯಲ್ಲಿ ಒಬ್ಬನ ದಿನದ ಅನ್ನವನ್ನು ತಡೆಯುವ ಅಧಿಕಾರವಿದ್ದರೆ ಅದಕ್ಕೆ ಬೆಲೆ ಕಟ್ಟದಿರುವುದು ಅಸಂಭವ. ಆ ಬೆಲೆಯು ಹಣವಾಗಿಯೋ, ಕೋಳಿಯಾಗಿಯೋ, ಬಿಟ್ಟಿ ದುಡಿತವಾಗಿಯೋ ಸಲ್ಲುವುದು ಸಹಜವಾಯಿತು.

ಮೂರನೆಯದಾಗಿ, ಒಂದು ಊರಿನಲ್ಲಿ ಕಳವಾದ ಕೂಡಲೆ ಪತ್ತೆ ಹಚ್ಚಬೇಕೆಂಬ ಒತ್ತಾಯವು ಫೌಜದಾರನ ಮೇಲೆ ಬೀಳುವುದು. ಅವನ ಕೈಯಲ್ಲಿ ಬೆರಳಿನ ಗುರುತುಗಳ ಸಹಿತವಾದ ಹೆಸರುಗಳ ಪಟ್ಟಿಯೊಂದು ಸಿದ್ಧವಾಗಿರುವಾಗ ವಿಚಾರಣೆಯು ಅಲ್ಲಿಂದಲೇ ಆರಂಭವಾಗಿ ಬಹುಮಟ್ಟಿಗೆ ಅಲ್ಲಿಯೇ ಮುಗಿಯುತ್ತಿತ್ತು. ನಿಜವಾದ ಕಳ್ಳನು ಪಟ್ಟಿಯ ಹೊರಗಿನವನಾಗಿದ್ದರೆ ಅವನಿಗೆ ಇದಕ್ಕಿಂತ ದೊಡ್ಡ ರಕ್ಷಣೆಯಿಲ್ಲ. ಕಾಯಿದೆಯು ಊರಿನ ಸ್ವತ್ತನ್ನೂ ಸರಿಯಾಗಿ ಕಾಯಲಿಲ್ಲವೆಂಬುದನ್ನು ಇದರಿಂದ ಊಹಿಸಬಹುದು.

ನಾಲ್ಕನೆಯದಾಗಿ, ಒಳಸುದ್ದಿಗಾಗಿ ಪೋಲೀಸರು ಅದೇ ಜನರಲ್ಲಿ ಕೆಲವರನ್ನು ಬಾತ್ಮೀದಾರರನ್ನಾಗಿ ಮಾಡಿಕೊಳ್ಳುತ್ತಿದ್ದರು. ಇದರಿಂದ ಗುಡಿಸಲಿನ ಸಾಲಿನೊಳಗೂ ಸಂಶಯವು ಹೊಕ್ಕಿತು. ಜಾತಿಯ ಪಂಚಾಯತಿಯು ಮೊದಲು ಬಗೆಹರಿಸುತ್ತಿದ್ದ ಜಗಳಗಳು ಠಾಣೆಗೆ ಹೋಗಿ ಸೇಡಿನ ಸಾಧನಗಳಾದವು.

ಪೋಲೀಸರ ಈ ಸ್ಥಿತಿಯನ್ನು ಸರಕಾರವೇ ಅರಿಯದಿರಲಿಲ್ಲ. ಸರ್ ಆಂಡ್ರೂ ಫ್ರೇಜರನ ಅಧ್ಯಕ್ಷತೆಯಲ್ಲಿ ೧೯೦೨-೦೩ರಲ್ಲಿ ಕೂಡಿದ ಪೋಲೀಸ ಕಮಿಶನ್ನು, ದೇಶದ ಪೋಲೀಸ ಖಾತೆಯು ದಕ್ಷತೆಯಿಲ್ಲದ್ದೆಂದೂ, ಲಂಚಗುಳಿತನಕ್ಕೂ ದಬ್ಬಾಳಿಕೆಗೂ ಹೆಸರಾಗಿದೆಯೆಂದೂ, ಜನರ ವಿಶ್ವಾಸವನ್ನು ಗಳಿಸಲಾರದೆ ಹೋಗಿದೆಯೆಂದೂ ನಿಸ್ಸಂಕೋಚವಾಗಿ ಬರೆಯಿತು. ಎಂಟೊಂಬತ್ತು ವರ್ಷಗಳ ಮೇಲೆ ಅದೇ ಖಾತೆಗೆ ಇಡೀ ಜಾತಿಗಳ ದಿನಚರಿಯನ್ನು ಒಪ್ಪಿಸುವ ಕಾಯಿದೆಯು ದೇಶಕ್ಕೆಲ್ಲ ಹಬ್ಬಿತು. ಇದರ ಪರಿಣಾಮವು ಎಲ್ಲೆಡೆಯೂ ಮೌನವಾಗಿರಲಿಲ್ಲ. ಮದುರೆಯ ಸೀಮೆಯ ಪೆರುಂಗಾಮನಲ್ಲೂರಿನಲ್ಲಿ ಕಳ್ಳರ್ ಜಾತಿಯವರು ನೋಂದಣಿಗೆ ಒಪ್ಪದಿರಲು ೧೯೨೦ನೆಯ ಏಪ್ರಿಲ್ ೩ರಂದು ಪೋಲೀಸರು ಗುಂಡು ಹಾರಿಸಿ ಹದಿನಾರಕ್ಕೂ ಕಡಿಮೆಯಿಲ್ಲದಷ್ಟು ಜನರನ್ನು ಕೊಂದರು.

ಅವಿಶ್ವಾಸವು ಹೀಗೆ ಒಂದು ಚಕ್ರವಾಗಿ ತಿರುಗಿತು. ಸಂಶಯಕ್ಕೆ ಗುರಿಯಾದವನು ತನಗೆ ಅನ್ಯಾಯವಾದಾಗ ಠಾಣೆಗೆ ಹೋಗುವುದಿಲ್ಲ. ತನಗೆ ಗೊತ್ತಿದ್ದುದನ್ನು ಹೇಳುವುದಿಲ್ಲ. ಸಿಪಾಯಿಯನ್ನು ಕಂಡೊಡನೆ ಓಡುತ್ತಾನೆ. ಅವನ ಮೌನವೂ ಓಟವೂ ಪೋಲೀಸರಿಗೆ ಅವನ ತಪ್ಪಿನ ಗುರುತುಗಳಾಗಿ ಕಾಣುತ್ತವೆ.

೭. ಕಾಯಿದೆಯ ರದ್ದು ಮತ್ತು ಉಳಿದ ಕಲೆ

೧೯೩೭ರಲ್ಲಿ ಬಾಳಾಸಾಹೇಬ ಖೇರರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದ ಮೇಲೆ ಗೃಹಮಂತ್ರಿಗಳಾದ ಕನೈಯಾಲಾಲ ಮುನಶಿಯವರ ಅಧ್ಯಕ್ಷತೆಯಲ್ಲಿ ಈ ಕಾಯಿದೆಯ ವಿಚಾರಣೆಗಾಗಿ ಸಮಿತಿಯೊಂದು ನೇಮಕವಾಯಿತು. ೧೯೩೯ರಲ್ಲಿ ಯುದ್ಧದ ಕಾರಣದಿಂದ ಮಂತ್ರಿಮಂಡಲವು ರಾಜೀನಾಮೆಯಿತ್ತುದರಿಂದ ಕೆಲಸವು ನಿಧಾನವಾಯಿತು. ಸ್ವಾತಂತ್ರ್ಯದ ತರುವಾಯ ೧೯೪೯ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಯಿದೆಯು ರದ್ದಾಯಿತು. ಅನಂತಶಯನಂ ಅಯ್ಯಂಗಾರರ ಸಮಿತಿಯು ೧೯೪೯-೫೦ರಲ್ಲಿ ಇಡೀ ದೇಶದ ಸ್ಥಿತಿಯನ್ನು ವಿಚಾರಿಸಿದ ಮೇಲೆ, ೧೯೫೨ನೆಯ ಆಗಸ್ಟ್ ೩೧ರಂದು ಅದು ದೇಶದಲ್ಲೆಲ್ಲ ಕೊನೆಗೊಂಡಿತು. ಈ ಜನರು ‘ವಿಮುಕ್ತ’ರೆಂದು ಕರೆಯಲ್ಪಟ್ಟರು, ಆ ದಿನವನ್ನು ಅವರು ವಿಮುಕ್ತಿ ದಿನವೆಂದು ಆಚರಿಸುತ್ತಾರೆ.

ಆದರೆ ಬೇಲಿಯನ್ನು ಕಿತ್ತಮಾತ್ರಕ್ಕೆ ಅದರ ಹೊರಗೆ ನೆಲವು ಸಿದ್ಧವಾಗಿರಲಿಲ್ಲ. ಹಳೆಯ ಅಲೆದಾಟದ ಕಸಬುಗಳು ಸತ್ತಿದ್ದವು, ಉಳುವ ಹೊಲವಿರಲಿಲ್ಲ, ಗಿರಣಿಯ ಕೆಲಸವು ಎಲ್ಲರಿಗೂ ಸಾಲುವಂತಿರಲಿಲ್ಲ. ಬಹು ಜನರು ವಸಾಹತಿನ ನೆಲದಲ್ಲಿಯೇ ಉಳಿದರು. ಹುಬ್ಬಳ್ಳಿಯಲ್ಲಿಯೂ ಗದಗ-ಬೆಟಗೇರಿಯಲ್ಲಿಯೂ ‘ಸೆಟ್ಲಮೆಂಟ್’ ಎಂಬುದು ಇಂದಿಗೂ ಬಡಾವಣೆಯ ಹೆಸರಾಗಿದೆ. ಹೀಗೆ ಹಳ್ಳಿಯ ಅಲೆಮಾರಿಗಳು ಪಟ್ಟಣದ ಬಡವರಾದರು. ಜಾತಿಯ ಮೇಲಿದ್ದ ಸಂಶಯವು ವಿಳಾಸದ ಮೇಲೆ ಬಂದು ಕುಳಿತಿತು.

ಕಾಯಿದೆಯಲ್ಲಿಯೂ ಹಳೆಯ ಭಾವನೆಯು ಪೂರ್ತಿಯಾಗಿ ಅಳಿಯಲಿಲ್ಲ. ರೂಢಿಯ ಅಪರಾಧಿಗಳ ವಿಷಯವಾಗಿ ಮುಂಬಯಿಯಲ್ಲಿ ೧೯೪೭ರಲ್ಲಿಯೂ, ಏಕೀಕರಣದ ತರುವಾಯ ನಮ್ಮ ರಾಜ್ಯದಲ್ಲಿ ೧೯೬೧ರಲ್ಲಿಯೂ ಕಾಯಿದೆಗಳಾದವು. ಇವು ಜಾತಿಯ ಹೆಸರನ್ನು ಬಿಟ್ಟು ವ್ಯಕ್ತಿಯ ಹಿಂದಿನ ಶಿಕ್ಷೆಗಳನ್ನು ಆಧಾರವಾಗಿಟ್ಟುಕೊಂಡವು. ತತ್ತ್ವದಲ್ಲಿ ಇದು ದೊಡ್ಡ ಮಾರ್ಪಾಟು. ಆದರೆ ಹಿಂದಿನ ಶಿಕ್ಷೆಗಳು ಹೇಗೆ ಬಂದವೆಂಬುದನ್ನು ಮೇಲೆ ವಿವರಿಸಿದೆ. ೨೦೦೦ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಇಂತಹ ಕಾಯಿದೆಗಳನ್ನು ತೆಗೆದುಹಾಕಬೇಕೆಂದು ಸೂಚಿಸಿತು. ೨೦೨೪ನೆಯ ಅಕ್ಟೋಬರ್ ೩ರಂದು ಸರ್ವೋಚ್ಚ ನ್ಯಾಯಾಲಯವು ಸೆರೆಮನೆಗಳಲ್ಲಿಯ ಜಾತಿಭೇದವನ್ನು ಕುರಿತ ತೀರ್ಪಿನಲ್ಲಿ, ವಿಮುಕ್ತ ಜಾತಿಗಳವರನ್ನು ಹುಟ್ಟಿನಿಂದಲೇ ಅಪರಾಧಶೀಲರೆಂದು ಬಗೆಯುವ ನಿಯಮಗಳನ್ನು ಖಂಡಿಸಿತು. ರದ್ದಾಗಿ ಎಪ್ಪತ್ತೆರಡು ವರ್ಷಗಳಾದ ಮೇಲೂ ಆ ಮಾತನ್ನು ನ್ಯಾಯಾಲಯವು ಹೇಳಬೇಕಾಯಿತು.

ಸಂವಿಧಾನದ ಸವಲತ್ತುಗಳೂ ಎಲ್ಲರಿಗೂ ಒಂದೇ ರೀತಿಯಲ್ಲಿ ತಲುಪಲಿಲ್ಲ. ೧೯೫೬ರಲ್ಲಿ ಧಾರವಾಡವು ಮೈಸೂರು ರಾಜ್ಯವನ್ನು ಸೇರಿದಾಗ, ಹಳೆಯ ಮೈಸೂರಿನ ಲಂಬಾಣಿಗರೂ ಕೊರಮರೂ ಕೊರಚರೂ ಪರಿಶಿಷ್ಟ ಜಾತಿಗಳಲ್ಲಿದ್ದರು. ಧಾರವಾಡ ಜಿಲ್ಲೆಯ ಅದೇ ಜನರು ಇರಲಿಲ್ಲ. ಈ ಪ್ರಾದೇಶಿಕ ನಿರ್ಬಂಧವು ೧೯೭೬ರ ತಿದ್ದುಪಡಿಯಿಂದ ಹೋಯಿತು. ಅಲ್ಲಿಯವರೆಗೆ ಒಂದು ತಲೆಮಾರು ಕಳೆದಿತ್ತು.

ಈ ನಡುವೆ ದಾಖಲೆಯ ವಸ್ತುಗಳಾಗಿದ್ದವರು ತಾವೇ ಬರೆಯತೊಡಗಿದರು. ಕೈಕಾಡಿ ಸಮಾಜದ ಲಕ್ಷ್ಮಣ ಮಾನೆಯವರ ‘ಉಪರಾ’ ೧೯೮೦ರಲ್ಲಿಯೂ, ಉಚಲ್ಯಾ ಸಮಾಜದ ಲಕ್ಷ್ಮಣ ಗಾಯಕವಾಡರ ‘ಉಚಲ್ಯಾ’ ೧೯೮೭ರಲ್ಲಿಯೂ ಮರಾಠಿಯಲ್ಲಿ ಹೊರಬಂದವು. ಎರಡಕ್ಕೂ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಕೆನೆಡಿಯ ಕೈಪಿಡಿಯನ್ನು ಓದುವವರು ಈ ಎರಡು ಪುಸ್ತಕಗಳನ್ನು ಅದರ ಮಗ್ಗುಲಲ್ಲಿಟ್ಟು ಓದತಕ್ಕದ್ದು.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಥಿರಪಡುತ್ತವೆ. ಈ ಸೀಮೆಯಲ್ಲಿ ಗುನ್ಹೆಗಾರ ಜಾತಿಗಳೆನಿಸಿದವರು ಒಂದು ಹಳೆಯ ಆರ್ಥಿಕ ವ್ಯವಸ್ಥೆಯ ಅಂಗಗಳಾಗಿದ್ದರು. ರೇಲ್ವೆ, ೧೮೭೮ರ ಕಾಯಿದೆಗಳು, ಮತ್ತು ಬರಗಳು ಒಂದೇ ತಲೆಮಾರಿನೊಳಗೆ ಆ ವ್ಯವಸ್ಥೆಯನ್ನು ಮುರಿದವು. ಅವರಲ್ಲಿ ಕಳವು ಮಾಡಿದವರು ಇದ್ದರೆಂಬುದನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಕೆಲವರ ತಪ್ಪನ್ನು ಎಲ್ಲರ ಹುಟ್ಟಿಗೆ ಕಟ್ಟಿದುದೇ ಕಾಯಿದೆಯ ದೋಷ. ಪೋಲೀಸರ ವಿಷಯದ ಅವಿಶ್ವಾಸವು ಅನುಭವದಿಂದ ಬಂದುದು. ಅದನ್ನು ಹೋಗಲಾಡಿಸುವುದಕ್ಕೂ ಬೇರೆ ರೀತಿಯ ಅನುಭವವೇ ಬೇಕು.

ಸಂಶೋಧಕರು ಇನ್ನು ಮಾಡಬೇಕಾದ ಕೆಲಸವು ಬಹಳವಿದೆ. ಸರಕಾರದ ವಾರ್ಷಿಕ ವರದಿಗಳು ಆಳುವವರ ಕಡೆಯ ಕಥೆಯನ್ನು ಹೇಳುತ್ತವೆ. ವಸಾಹತುಗಳ ಶಾಲೆಯ ದಾಖಲೆಗಳು, ಗಿರಣಿಗಳ ಮತ್ತು ರೇಲ್ವೆ ಕಾರಖಾನೆಯ ಹಾಜರಿ ಪಟ್ಟಿಗಳು, ನವಲಗುಂದ, ಕಲಘಟಗಿ ತಾಲೂಕುಗಳ ಗ್ರಾಮ ದಫ್ತರಗಳು, ಕುಂದಗೋಳದ ಸಂಸ್ಥಾನ ಕಾಲದ ಕಾಗದಪತ್ರಗಳು ಇವುಗಳನ್ನು ಹೋಲಿಸಿ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಾಜರಿಯ ಗಂಟೆಯನ್ನು ಕೇಳಿ ಬೆಳೆದವರೂ ಅವರ ಮಕ್ಕಳೂ ಹೇಳುವ ಮಾತುಗಳನ್ನು ಅವರವರ ಭಾಷೆಯಲ್ಲಿಯೇ ಬರೆದಿಟ್ಟುಕೊಳ್ಳಬೇಕು. ಕಾಯಿದೆ ರದ್ದಾದ ವರ್ಷ ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತನ್ನು ದಾಟಿದ್ದಾರೆ. ಆದುದರಿಂದ ಈ ಕೆಲಸಕ್ಕೆ ಉಳಿದಿರುವ ಕಾಲವು ಸ್ವಲ್ಪ.